ಗಾಳಿಬೋರೆಯ ಹೊಳೆದಂಡೆಯಲ್ಲಿ

ಕನಕಪುರ ದಾಟಿ ಸಂಗಮ ತಲುಪಿದರೆ ಅರ್ಕಾವತಿ ಬಂದು ಕಾವೇರಿಗೆ ಸೇರುವುದು ಕಾಣುತ್ತದೆ. ವಾರದ ಕೊನೆಯಾದರೆ ಅಲ್ಲಿ ಜಾತ್ರೆ. ಹುರಿದ ಮೀನಿನ ಘಾಟು, ಮೇಕೆದಾಟಿಗೆ ಹೋಗಲು ಆಚೆ ದಡಕ್ಕೆ ದಾಟುವವರ ನೂಕುನುಗ್ಗಲು. ಗಾಳಿಬೋರೆಯ ಕಾಡಿನ ಶಿಬಿರಕ್ಕೆ ಹೊರಟವರು ಅದನ್ನೆಲ್ಲ ಬಿಟ್ಟು ಹೊಳೆಯ ಮೇಲ್ಗಡೆಗೆ ತಿರುಗಬೇಕು. ಮುಂದಿನ ಸುಮಾರು 10 ಕಿ.ಮೀ. ಮಣ್ಣಿನ ಹಾದಿ. ಎಡಕ್ಕೆ ಕಾವೇರಿ, ಬಲಕ್ಕೆ ಕುರುಚಲು ಗುಡ್ಡ. ದಾರಿಯಲ್ಲಿ ಆನೆಲದ್ದಿ ಸಿಕ್ಕಿದರೆ ಚಾಲಕ ವೇಗ ತಗ್ಗಿಸಿ ಎರಡೂ ಬದಿ ನೋಡುತ್ತಾನೆ. ಬೆಂಗಳೂರಿನಿಂದ ನೂರು ಕಿ.ಮೀ. ಚಿಲ್ಲರೆ ದೂರದಲ್ಲಿ ಇಂಥ ಹಾದಿ ಇನ್ನೂ ಉಳಿದಿದೆ ಎಂಬುದೇ ದೊಡ್ಡ ಸಮಾಧಾನ.

ಜಂಗಲ್ ಲಾಡ್ಜಸ್‌ನವರ ಶಿಬಿರ ಚಿಕ್ಕದು. ಬೆರಳೆಣಿಕೆಯ ಟೆಂಟುಗಳು, ಊಟಕ್ಕೊಂದು ತೆರೆದ ಚಾವಡಿ, ಮರಗಳಿಗೆ ಕಟ್ಟಿದ ಜೋಲಿಗಳು. ಟೆಂಟಿನ ಮುಂದೆ ಕೂತರೆ ಎದುರಿಗೆ ಹೊಳೆ, ಆಚೆ ದಡದಲ್ಲಿ ಬರೀ ಕಾಡು. ಇಲ್ಲಿಗೆ ಇನ್ನಷ್ಟು ಕೋಣೆ, ಇನ್ನಷ್ಟು ದೀಪ ಬರಬಾರದು.

ನನ್ನ ಮಟ್ಟಿಗೆ ಗಾಳಿಬೋರೆ ಎಂದರೆ ಹೊಳೆಮತ್ತಿ. ಗುಡ್ಡದ ಕಡೆ ಬೇಸಿಗೆಯಲ್ಲಿ ಎಲೆಯೇ ಇರುವುದಿಲ್ಲ. ದಂಡೆಯಲ್ಲಿ ಮಾತ್ರ ಈ ಬಿಳಿತೊಗಟೆಯ ಮರಗಳು ಬೇರನ್ನು ನೀರಿಗಿಳಿಸಿ ಹಸಿರಾಗಿ ನಿಂತಿರುತ್ತವೆ. ಇವುಗಳ ನೆತ್ತಿಯಲ್ಲೇ ಬೂದುಬಣ್ಣದ ದೊಡ್ಡಳಿಲಿನ ಸಂಸಾರ. ಮಲೆನಾಡಿನ ಕೆಂದಳಿಲನ್ನು ಕಂಡವರಿಗೆ ಇದು ಮೊದಲು ಮಂಕಾಗಿ ಕಾಣಬಹುದು. ಆದರೆ ಇದು ಶ್ರೀಲಂಕಾ ಮತ್ತು ದಕ್ಷಿಣ ಭಾರತದ ಕೆಲವೇ ಕಾಡುಗಳಲ್ಲಿ ಉಳಿದ ಜೀವಿ. ಕರ್ನಾಟಕದಲ್ಲಿ ಇದರ ಮುಖ್ಯ ನೆಲೆ ಕಾವೇರಿ ವನ್ಯಜೀವಿಧಾಮದ ಈ ದಂಡೆಗಳೇ. ಕೊಂಬೆಗೆ ಕೊಂಬೆ ತಾಗಿದ್ದರೆ ಮಾತ್ರ ಅದರ ಬದುಕು ನಡೆಯುತ್ತದೆ. ನಡುವಿನ ನಾಲ್ಕು ಮರ ಹೋದರೆ ಅದರ ದಾರಿಯೇ ಕಡಿದಂತೆ. ಮಧ್ಯಾಹ್ನ ಜೋಲಿಯಲ್ಲಿ ಮಲಗಿ ಮೇಲೆ ನೋಡುತ್ತಿರಿ, ಕಾಣಿಸುತ್ತದೆ.

ಹೊಳೆಯೊಳಗಿನ ಒಡೆಯ ಬಿಳಿಮೀನು, ಅಂದರೆ ಗೂನುಬೆನ್ನಿನ ಮಹಶೀರ್. ಮೈಸೂರಿನ ವ್ಯಾನ್ ಇಂಗೆನ್ 1946ರಲ್ಲಿ ಕಬಿನಿಯಲ್ಲಿ ಹಿಡಿದದ್ದು 120 ಪೌಂಡ್ ತೂಗಿತ್ತು. ಮುಂದೆ ಕಾವೇರಿಯ ಈ ಭಾಗಕ್ಕೆ ದೇಶವಿದೇಶಗಳಿಂದ ಗಾಳದವರು ಬಂದರು. ಮೀನು ಹಿಡಿದು, ತೂಗಿ, ಮತ್ತೆ ನೀರಿಗೆ ಬಿಡುತ್ತಿದ್ದರು. ಹಿಂದೆ ಸಿಡಿಮದ್ದು ಎಸೆದು ಮೀನು ಕೊಲ್ಲುತ್ತಿದ್ದ ಸುತ್ತಲಿನ ಹಳ್ಳಿಗರಲ್ಲಿ ಕೆಲವರು ಅವರಿಗೆ ದಾರಿ ತೋರುವ ಗಿಲ್ಲಿಗಳಾಗಿ ಮೀನಿನ ಕಾವಲಿಗೇ ನಿಂತರು. ಇಂದು ವನ್ಯಜೀವಿಧಾಮದೊಳಗೆ ಗಾಳ ಹಾಕುವಂತಿಲ್ಲ. ಈ ಮೀನಿಗೆ ವೈಜ್ಞಾನಿಕ ಹೆಸರು ಖಚಿತವಾದದ್ದೇ 2018ರಲ್ಲಿ. ಅದೇ ವರ್ಷ ಅಳಿವಿನ ಅಂಚಿನ ಪಟ್ಟಿಗೂ ಸೇರಿತು.

ಹರಿಗೋಲಿನಲ್ಲಿ ಸಂಜೆ ಕೆಳಕ್ಕೆ ತೇಲುವಾಗ ಬಂಡೆಗಳ ಮೇಲೆ ಮೊಸಳೆ, ಮಡುವಿನಂಚಿನಲ್ಲಿ ನೀರುನಾಯಿಗಳ ಗುಂಪು, ಒಣಕೊಂಬೆಯಲ್ಲಿ ಮೀನುಹದ್ದು ಕಂಡಾವು. ಎಲ್ಲವೂ ಒಂದೇ ದಿನ ಸಿಗಬೇಕೆಂದು ಹಟ ಬೇಡ.

ಕಾವೇರಿಗೆ ಅಣೆಕಟ್ಟು ಕಟ್ಟುವ ಮೇಕೆದಾಟು ಯೋಜನೆಯ ಮಾತು ಬಾರದೆ ಈ ಜಾಗದ ಪರಿಚಯ ಮುಗಿಯದು. ಉದ್ದೇಶಿತ ಜಲಾಶಯ 67.16 ಟಿಎಂಸಿ ಸಾಮರ್ಥ್ಯದ್ದು. ಮುಳುಗಡೆ ಸುಮಾರು 5,000 ಹೆಕ್ಟೇರ್, ಅದರಲ್ಲಿ ಹೆಚ್ಚಿನದು ಕಾಡು. ಬೆಂಗಳೂರಿಗೆ ಕುಡಿಯುವ ನೀರು ಬೇಕೆಂಬುದು ಸುಳ್ಳಲ್ಲ, ನಾನೂ ಆ ನೀರನ್ನೇ ಕುಡಿಯುವವನು. ಆದರೆ ಹೊಳೆಮತ್ತಿ ಬೆಳೆದಿರುವುದು ಹರಿಯುವ ಹೊಳೆಯ ದಡದಲ್ಲಿ, ಬಿಳಿಮೀನು ಬಾಳುವುದು ರಭಸದ ನೀರು, ಆಳದ ಮಡು ಎರಡೂ ಇರುವ ಕಡೆ. ನಿಂತ ನೀರಿನಲ್ಲಿ ಇವೆರಡಕ್ಕೂ ಜಾಗವಿಲ್ಲ. ಬೇರೆಡೆ ಸಸಿ ನೆಟ್ಟು ತುಂಬಿಕೊಡುತ್ತೇವೆ ಎನ್ನುವವರು ಒಮ್ಮೆ ಬಂದು ಇಲ್ಲಿನ ಒಂದು ಬುಡವನ್ನು ತಬ್ಬಿ ಅಳೆಯಲಿ.

ಹೋಗುವುದಾದರೆ ಮಳೆ ಕಳೆದ ಮೇಲಿನ ಚಳಿಗಾಲವೇ ಹಿತ. ಟೆಂಟನ್ನು ಮುಂಗಡವಾಗಿ ಕಾದಿರಿಸಿ. ಸ್ಪೀಕರ್ ಮನೆಯಲ್ಲಿರಲಿ, ಟಾರ್ಚ್ ಜೊತೆಗಿರಲಿ. ನೀರು ಶಾಂತವಾಗಿ ಕಂಡರೂ ಇಳಿಯಬೇಡಿ: ಅಡಿಯಲ್ಲಿ ಸುಳಿಗಳಿವೆ, ಮೇಲಿನ ಅಣೆಕಟ್ಟೆಗಳಿಂದ ನೀರು ಬಿಟ್ಟಾಗ ಮಟ್ಟ ಏರುತ್ತದೆ. ಕತ್ತಲಾದ ಮೇಲೆ ಟೆಂಟಿನಿಂದ ಚಾವಡಿಗೆ ಹೋಗುವಾಗಲೂ ಶಿಬಿರದವರನ್ನು ಕರೆಯಿರಿ. ಆನೆಗಳು ನೀರಿಗಿಳಿಯುವ ಹೊತ್ತು ಅದು.