ನಿಮ್ಮ ಸೈಕಲ್ ನಿಮ್ಮ ಅಳತೆಯದೇ?

ನಮ್ಮ ಕಾಲೇಜಿನ ಸೈಕಲ್ ಸ್ಟ್ಯಾಂಡಿನಲ್ಲಿ ಯಾರನ್ನಾದರೂ "ನಿನ್ನ ಸೈಕಲ್ ಎಷ್ಟರದು?" ಎಂದು ಕೇಳಿ ನೋಡಿ. "ಇಪ್ಪತ್ತಾರು" ಎಂಬ ಉತ್ತರ ಬರುತ್ತದೆ. ನಾನೂ ಹಾಗೇ ಹೇಳುತ್ತಿದ್ದೆ. ಆ ಇಪ್ಪತ್ತಾರು ಚಕ್ರದ ಅಳತೆ, ನನ್ನ ಅಳತೆಯಲ್ಲ ಎಂಬುದು ಗೊತ್ತಾಗಲು ನಾನು ಒಮ್ಮೆ ಬೀಳಬೇಕಾಯಿತು.

ನಮ್ಮ ಹಳ್ಳಿ ಸೊರಬ ತಾಲ್ಲೂಕಿನದು. ಮನೆಯಿಂದ ಶಿರಾಳಕೊಪ್ಪದ ಕಡೆ ಹೋಗುವ ಮುಖ್ಯ ರಸ್ತೆಗೆ 4 ಕಿ.ಮೀ. ಅಲ್ಲಿಂದ ಶಿಕಾರಿಪುರಕ್ಕೆ ಬಸ್ಸು. ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಬಸ್ಸಿನಲ್ಲಿ ನಮಗೆ ಟಿಕೆಟಿನ ಚಿಂತೆ ಇಲ್ಲ. ಆದರೆ ಆ 4 ಕಿ.ಮೀ. ದಾರಿಗೆ ಬಸ್ಸೇ ಇಲ್ಲ. ನಡೆದರೆ ಮುಕ್ಕಾಲು ಗಂಟೆ. ಅಕ್ಕನಿಗೆ 8ನೇ ತರಗತಿಯಲ್ಲಿ ಸರ್ಕಾರದ ಸೈಕಲ್ ಸಿಕ್ಕಿತ್ತು. ಆ ಯೋಜನೆ ಆರಂಭವಾದದ್ದು 2006-07ರಲ್ಲಿ, ನಮ್ಮ ಶಿಕಾರಿಪುರದ ಶಾಸಕರಾಗಿದ್ದ ಬಿ.ಎಸ್. ಯಡಿಯೂರಪ್ಪನವರು ಹಣಕಾಸು ಸಚಿವರಾಗಿದ್ದಾಗ. ನಾನು 8ನೇ ತರಗತಿಗೆ ಬರುವ ಹೊತ್ತಿಗೆ ಕೊರೊನಾ ಬಂದಿತ್ತು, ಸೈಕಲ್ ವಿತರಣೆ ನಿಂತಿತ್ತು. ಅಕ್ಕನ ಸೈಕಲ್ ಅಷ್ಟರಲ್ಲಿ ತುಕ್ಕು ಹಿಡಿದಿತ್ತು.

ಪಿಯುಸಿ ಸೇರಿದಾಗ ಅಬ್ಬು ಸೊರಬದ ನೆಂಟರೊಬ್ಬರಿಂದ ಹಳೆಯ ಗೇರ್ ಸೈಕಲ್ ಕೊಂಡು ತಂದರು. ದಪ್ಪ ಟೈರು, ಮುಂದೆ ಶಾಕ್ ಅಬ್ಸಾರ್ಬರ್, ನೋಡಲು ಭರ್ಜರಿ. ನಿಂತರೆ ಕಾಲಿನ ತುದಿಬೆರಳು ಮಾತ್ರ ನೆಲಕ್ಕೆ ತಾಗುತ್ತಿತ್ತು. ಸೀಟನ್ನು ಪೂರ್ತಿ ಇಳಿಸಿ ಓಡಿಸಿದೆ. ಮೂರು ವಾರದಲ್ಲಿ ಮಂಡಿ ನೋವು ಶುರುವಾಯಿತು. ಒಂದು ದಿನ ಮೋರಿಯ ಹತ್ತಿರ ದನ ಅಡ್ಡ ಬಂತು. ಬ್ರೇಕ್ ಹಿಡಿದು ಕಾಲೂರಲು ಹೋದೆ, ನೆಲ ಸಿಗಲಿಲ್ಲ, ಬಿದ್ದೆ. ಮೊಣಕೈ ತರಚಿತು. ಅಮ್ಮಿ ಸೈಕಲ್ ಮುಟ್ಟಬೇಡ ಎಂದರು. ಪರೀಕ್ಷೆಗೆ ಕೂರಲು ಶೇಕಡಾ 75 ಹಾಜರಾತಿ ಬೇಕು. ಮಳೆಗಾಲದಲ್ಲಿ ನಡೆದು ಬಸ್ಸು ತಪ್ಪಿಸಿಕೊಂಡ ದಿನಗಳನ್ನು ಲೆಕ್ಕ ಹಾಕಿದಾಗ ನನಗೆ ಭಯವಾಯಿತು. ಆಗ ಸೈಕಲ್ ಬಗ್ಗೆ ಕೇಳಿ, ಓದಿ, ಅಳೆದು ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲನೆಯದು, ಚೌಕಟ್ಟಿನ ಅಳತೆ. ಪೆಡಲ್ ತಿರುಗುವ ಅಚ್ಚಿನಿಂದ ಸೀಟು ಸಿಕ್ಕಿಸುವ ಕೊಳವೆಯ ತುದಿಯವರೆಗಿನ ಉದ್ದವೇ ಫ್ರೇಮ್ ಸೈಜ್. 26 ಇಂಚಿನ ಚಕ್ರಕ್ಕೆ ಚಿಕ್ಕ ಫ್ರೇಮೂ ಇರುತ್ತದೆ, ದೊಡ್ಡದೂ ಇರುತ್ತದೆ. ಸುಮಾರಾಗಿ 5 ಅಡಿಯಿಂದ 5 ಅಡಿ 4 ಇಂಚು ಎತ್ತರದವರಿಗೆ 15-16 ಇಂಚು, 5 ಅಡಿ 8 ಇಂಚಿನವರೆಗೆ 17-18 ಇಂಚು, ಅದಕ್ಕೂ ಎತ್ತರದವರಿಗೆ 19-20 ಇಂಚು ಸರಿಹೋಗುತ್ತದೆ. ಕಂಪನಿಯಿಂದ ಕಂಪನಿಗೆ ಸ್ವಲ್ಪ ವ್ಯತ್ಯಾಸ ಇರುತ್ತದೆ. ನನ್ನ ಎತ್ತರ 5 ಅಡಿ 1 ಇಂಚು. ನಾನು ಓಡಿಸುತ್ತಿದ್ದದ್ದು 19 ಇಂಚಿನದು!

ಎತ್ತರಕ್ಕಿಂತಲೂ ಕಾಲಿನ ಉದ್ದ ಮುಖ್ಯ. ಅದನ್ನು ಮನೆಯಲ್ಲೇ ಅಳೆಯಬಹುದು. ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಲ್ಲಿ. ಎರಡು ಕಾಲುಗಳ ಮಧ್ಯೆ ದಪ್ಪ ನೋಟ್‌ಬುಕ್ಕೊಂದನ್ನು ಸೀಟಿನಂತೆ ಮೇಲಕ್ಕೆ ಒತ್ತಿ ಹಿಡಿಯಿರಿ. ನೆಲದಿಂದ ಪುಸ್ತಕದ ಮೇಲಂಚಿನವರೆಗೆ ಟೇಪ್ ಹಿಡಿಯಿರಿ. ನನ್ನದು 70 ಸೆಂ.ಮೀ. ನಮ್ಮ ಸೈಕಲ್ಲಿನ ಅಡ್ಡಪಟ್ಟಿ ನೆಲದಿಂದ 78 ಸೆಂ.ಮೀ. ಎತ್ತರದಲ್ಲಿತ್ತು. ಸೀಟಿನಿಂದ ಮುಂದಕ್ಕೆ ಇಳಿದು ನಿಂತಾಗ ದೇಹಕ್ಕೂ ಅಡ್ಡಪಟ್ಟಿಗೂ ನಡುವೆ ಕನಿಷ್ಠ 3-5 ಸೆಂ.ಮೀ. ಜಾಗ ಇರಬೇಕು. ನನಗೆ ಜಾಗವಿರಲಿ, ಅಡ್ಡಪಟ್ಟಿಯೇ ಕಾಲಿನ ಉದ್ದಕ್ಕಿಂತ 8 ಸೆಂ.ಮೀ. ಮೇಲಿತ್ತು! ಸೀಟು ಎಷ್ಟು ಇಳಿಸಿದರೂ ಅಡ್ಡಪಟ್ಟಿ ಇಳಿಯುವುದಿಲ್ಲ.

ಎರಡನೆಯದು, ಸೀಟಿನ ಎತ್ತರ. ಕಾಲಿನ ಉದ್ದವನ್ನು 1.09ರಿಂದ ಗುಣಿಸಿ. ಪೆಡಲ್ ಪೂರ್ತಿ ಕೆಳಗಿರುವಾಗ ಪೆಡಲಿನಿಂದ ಸೀಟಿನ ಮೇಲ್ಭಾಗದವರೆಗೆ ಅಷ್ಟು ಇರಬೇಕು. ನನ್ನ ಲೆಕ್ಕ 70 × 1.09 = 76 ಸೆಂ.ಮೀ. ಲೆಕ್ಕ ಬೇಡ ಎನ್ನುವವರು ಸೀಟಿನ ಮೇಲೆ ಕುಳಿತು, ಕೆಳಗಿನ ಪೆಡಲಿನ ಮೇಲೆ ಹಿಮ್ಮಡಿ ಇಡಿ. ಕಾಲು ನೇರವಾಗಬೇಕು. ಪಾದದ ಮುಂಭಾಗದಿಂದ ತುಳಿಯುವಾಗ ಮಂಡಿ ತಾನಾಗಿಯೇ ಸ್ವಲ್ಪ ಬಾಗುತ್ತದೆ. ಸೀಟು ತೀರಾ ತಗ್ಗಿದ್ದರೆ ಮಂಡಿಯ ಮುಂಭಾಗ ನೋಯುತ್ತದೆ. ತೀರಾ ಎತ್ತರವಾದರೆ ಸೊಂಟ ಎಡಬಲಕ್ಕೆ ಹೊಯ್ದಾಡುತ್ತದೆ, ಮಂಡಿಯ ಹಿಂಭಾಗ ಎಳೆಯುತ್ತದೆ. ನನಗೆ ನೋವು ಬಂದದ್ದು ಯಾಕೆಂದು ಆಗ ತಿಳಿಯಿತು. ಹೊಸದಾಗಿ ಕಲಿಯುವವರು ಮಾತ್ರ ಧೈರ್ಯ ಬರುವವರೆಗೆ ಸೀಟನ್ನು ಸ್ವಲ್ಪ ತಗ್ಗಿಸಿಕೊಳ್ಳಬಹುದು.

ಅಬ್ಬು ಚಿಕ್ಕವರಿದ್ದಾಗ ಮನೆಯಲ್ಲಿದ್ದದ್ದು ದೊಡ್ಡವರ ಸೈಕಲ್ ಒಂದೇ. ಅಡ್ಡಪಟ್ಟಿಯ ಕೆಳಗಿನಿಂದ ಕಾಲು ತೂರಿಸಿ ತುಳಿಯುತ್ತಿದ್ದರಂತೆ. ಅವರು ಅದನ್ನು ಕೈಂಚಿ ಎನ್ನುತ್ತಾರೆ. ಪಕ್ಕದ ಮನೆಯ ಅಜ್ಜ ಒಳಪೆಡಲು ಎನ್ನುತ್ತಾರೆ. ಭಾಷೆ ಎರಡು, ಸಮಸ್ಯೆ ಒಂದೇ.

ಮೂರನೆಯದು, ಯಾವ ಬಗೆಯ ಸೈಕಲ್? ನಮ್ಮ ದಾರಿಯಲ್ಲಿ ಡಾಂಬರು ಇದೆ, ಕೆಮ್ಮಣ್ಣು ಇದೆ, ಎರಡು ಏರು ಇದೆ, ಜೂನ್ ಬಂದರೆ ಕೆಸರು. ರೇಸಿನ ಸೈಕಲ್ಲಿನ ತೆಳು ಟೈರು ಕೆಸರಲ್ಲಿ ಹೂತುಕೊಳ್ಳುತ್ತದೆ. ಬೆಟ್ಟದ ಸೈಕಲ್ಲಿನ 50 ಮಿ.ಮೀ.ಗೂ ಹೆಚ್ಚು ದಪ್ಪದ ಮುಳ್ಳು ಟೈರು ಡಾಂಬರಿನಲ್ಲಿ ಎಳೆದಂತೆ ಭಾರವಾಗುತ್ತದೆ. ನಡುವಿನದು 35ರಿಂದ 45 ಮಿ.ಮೀ. ಟೈರು. ಎರಡೂ ಕಡೆ ನಡೆಯುತ್ತದೆ. ಕಡಿಮೆ ಬೆಲೆಯ ಶಾಕ್ ಅಬ್ಸಾರ್ಬರ್ ನಮಗೆ ತೂಕ ಹೆಚ್ಚಿಸುತ್ತದೆಯೇ ಹೊರತು ಹೆಚ್ಚು ಲಾಭವಿಲ್ಲ.

ಗೇರ್ ಬೇಕೇ? ಮುಂದಿನ ಚಕ್ರದಲ್ಲಿ 44 ಹಲ್ಲು, ಹಿಂದೆ 18 ಇದ್ದರೆ ಒಂದು ಸುತ್ತು ತುಳಿದಾಗ ಸೈಕಲ್ ಸುಮಾರು 5 ಮೀಟರ್ ಹೋಗುತ್ತದೆ. ಹಿಂದೆ 28 ಹಲ್ಲಿನ ಗೇರಿಗೆ ಹಾಕಿದರೆ ಸುಮಾರು 3.25 ಮೀಟರ್ ಮಾತ್ರ, ಆದರೆ ತುಳಿತ ಹಗುರ. ಏರು ಇದ್ದವರಿಗೆ ಹಿಂದಿನ ಆರೇಳು ಗೇರ್ ಸಾಕು. ಸಮತಟ್ಟಾದ ದಾರಿಯವರಿಗೆ ಗೇರೇ ಬೇಡ, ರಿಪೇರಿಯ ಖರ್ಚೂ ಉಳಿಯುತ್ತದೆ.

ಗೆಳತಿಯರಿಗೆ ಇನ್ನೊಂದು ಮಾತು. ಬುರ್ಖಾ, ದುಪಟ್ಟಾ, ಸೀರೆ ಯಾವುದೇ ಆಗಲಿ, ಚೈನ್ ಮುಚ್ಚುವ ಕವಚ ಮತ್ತು ಹಿಂಚಕ್ರದ ಪಕ್ಕದ ಜಾಲರಿ ಇರುವ ಸೈಕಲ್ಲನ್ನೇ ನೋಡಿ. ಬಟ್ಟೆ ಸಿಕ್ಕಿದರೆ ಬೀಳುವುದು ಖಚಿತ. ಅಡ್ಡಪಟ್ಟಿ ತಗ್ಗಾಗಿ ಇಳಿದಿರುವ ಚೌಕಟ್ಟಾದರೆ ಹತ್ತಿ ಇಳಿಯುವುದೂ ಸುಲಭ. ಬ್ರೇಕಿನ ಹಿಡಿ ಬೆರಳಿಗೆ ದೂರವಿದ್ದರೆ, ಹೆಚ್ಚಿನ ಹಿಡಿಗಳಲ್ಲಿ ಅದನ್ನು ಹತ್ತಿರ ತರುವ ಸಣ್ಣ ಸ್ಕ್ರೂ ಇರುತ್ತದೆ.

ಈ ಅಳತೆಯ ಮಾತು ಸೈಕಲ್ಲಿಗೆ ಮಾತ್ರವಲ್ಲ. ಹಿಮದ ಮೇಲೆ ಜಾರುವ ಸ್ಕೀ ಹಲಗೆಗೂ ಇದೆ. ಗುಲ್ಮಾರ್ಗ್‌ನಂಥ ಇಳಿಜಾರಿನಲ್ಲಿ ಎಲ್ಲ ಬಗೆಯ ಹಿಮಕ್ಕೂ ಒಗ್ಗುವ ಹಲಗೆ ಸಾಮಾನ್ಯವಾಗಿ ಗದ್ದದಿಂದ ನೆತ್ತಿಯವರೆಗಿನ ಎತ್ತರದ್ದಿರುತ್ತದೆ. ಹೊಸಬರಿಗೆ ಗಿಡ್ಡದು. ನಮ್ಮ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅವರು ಸ್ಪರ್ಧಿಸುವ ಕ್ರಾಸ್ ಕಂಟ್ರಿ ಓಟದ ಸ್ಕೀ ಮಾತ್ರ ಆಳಿಗಿಂತ ಉದ್ದ. ಕೆಲಸ ಬೇರೆಯಾದರೆ ಅಳತೆಯೂ ಬೇರೆ.

ಕೊನೆಗೆ ನಮ್ಮ ಸೈಕಲ್ ಏನಾಯಿತು? ದುಡ್ಡು ಕೊಟ್ಟು ತಂದದ್ದನ್ನು ಬಿಡಲು ಅಬ್ಬುಗೆ ಮನಸ್ಸಿರಲಿಲ್ಲ. ಕೊಟ್ಟ ದುಡ್ಡು ಹೇಗೂ ವಾಪಸ್ಸು ಬರುವುದಿಲ್ಲ, ಮುಂದೆ ಯಾವುದರಿಂದ ಉಪಯೋಗ ಎಂಬುದನ್ನಷ್ಟೇ ನೋಡಬೇಕು ಎಂದು ವಾಣಿಜ್ಯದ ತರಗತಿಯಲ್ಲಿ ಕಲಿತದ್ದನ್ನು ಹೇಳಿದೆ. ಅವರು ನಕ್ಕರು. ಟೇಪ್ ತಂದು 70 ಮತ್ತು 78 ತೋರಿಸಿದ ಮೇಲೆ ಒಪ್ಪಿದರು. ಎತ್ತರದ ನನ್ನ ಖಾಲಾನ ಮಗ ಆ ಸೈಕಲ್ ತೆಗೆದುಕೊಂಡ. ಅವನ ತಂಗಿ ಬಿಟ್ಟಿದ್ದ 16 ಇಂಚಿನದು ನನಗೆ ಬಂತು. ಗೇರಿಲ್ಲ, ಏರಿನಲ್ಲಿ ಇಳಿದು ತಳ್ಳುತ್ತೇನೆ. ಆದರೆ ಮಂಡಿ ನೋವಿಲ್ಲ, ನಿಂತರೆ ನೆಲ ಸಿಗುತ್ತದೆ. ಈಗ 7.40ರ ಬಸ್ಸು ತಪ್ಪುವುದು ಅಪರೂಪ.

ನಿಮ್ಮ ಸೈಕಲ್ಲನ್ನೂ ಒಮ್ಮೆ ಅಳೆದು ನೋಡಿ. ಟೇಪ್ ಇಲ್ಲದವರು ದ್ವಿತೀಯ ಪಿಯುಸಿ ವಾಣಿಜ್ಯ ವಿಭಾಗಕ್ಕೆ ಬನ್ನಿ, ನನ್ನ ಬ್ಯಾಗಿನಲ್ಲಿ ಒಂದಿದೆ.