ನಿಮಗಿದು ಗೊತ್ತೆ? ಬರೆದವರೇ ಬಿಡಿಸಿದ ಪುಸ್ತಕ

ಎಳೆಯ ಮಕ್ಕಳ ಚಿತ್ರಪುಸ್ತಕಗಳಲ್ಲಿ ಹೆಚ್ಚಿನವು ಇಬ್ಬರ ಕೆಲಸ: ಕಥೆ ಒಬ್ಬರದು, ಚಿತ್ರ ಇನ್ನೊಬ್ಬರದು. ಎರಡನ್ನೂ ಒಬ್ಬರೇ ಮಾಡಿದಾಗ, ಯಾವ ಮಾತನ್ನು ಬರೆಯದೆ ಚಿತ್ರಕ್ಕೇ ಬಿಡಬೇಕೆಂಬ ತೀರ್ಮಾನವೂ ಅವರದೇ ಆಗುತ್ತದೆ. ಇಂಥ ಪುಸ್ತಕಗಳ ಸೊಗಸು ಇರುವುದೇ ಅಲ್ಲಿ.

ಬೆಂಗಳೂರಿನ ಪ್ರಥಮ್ ಬುಕ್ಸ್‌ಗಾಗಿ ರಾಜೀವ್ ಐಪ್ ಬರೆದು ಬಿಡಿಸಿದ ಅಮ್ಮಚ್ಚಿಯ ಯಂತ್ರಗಳ ಕಥೆಯನ್ನೇ ನೋಡಿ. ಅಜ್ಜಿ ಅಮ್ಮಚ್ಚಿ, ಮೊಮ್ಮಗ ಸೂರಜ್ ಸೇರಿ ಕೊಬ್ಬರಿ ಬರ್ಫಿ ಮಾಡಲು ಹೊರಡುತ್ತಾರೆ. ರಾಟೆ, ಸನ್ನೆಗೋಲಿನಂಥ ಸರಳ ಯಂತ್ರಗಳೆಲ್ಲ ಕೆಲಸಕ್ಕೆ ಇಳಿಯುತ್ತವೆ. ವಿಜ್ಞಾನದ ಪಾಠ ಮಗುವಿಗೆ ಆಟದಂತೆ ಕಣ್ಣಿಗೇ ಸಿಗುತ್ತದೆ.

ಇಂಗ್ಲೆಂಡಿನ ಲೇಖಕಿ ಬೀಟ್ರಿಕ್ಸ್ ಪಾಟರ್ ಕೂಡ ಹೀಗೆಯೇ ಬರೆದು ಬಿಡಿಸಿದವರು. ಪ್ರಕಾಶಕರು ಒಪ್ಪದಿದ್ದಾಗ 1901ರಲ್ಲಿ ತಮ್ಮ ಮೊಲದ ಕಥೆಯ 250 ಪ್ರತಿಗಳನ್ನು ಸ್ವಂತ ಖರ್ಚಿನಲ್ಲೇ ಅಚ್ಚು ಹಾಕಿಸಿದರು.

ಅಚ್ಚಿನ ಮಾತು ಬಂದದ್ದರಿಂದ ಇನ್ನೊಂದು ಪ್ರಶ್ನೆ: ಚಿತ್ರಪುಸ್ತಕಗಳಿಗೆ ಸಾಮಾನ್ಯವಾಗಿ 32 ಪುಟ ಇರುವುದೇಕೆ? ದೊಡ್ಡ ಹಾಳೆಯನ್ನು ಮಡಚಿ ಕತ್ತರಿಸಿದರೆ 8, 16, 32 ಹೀಗೆ ಪುಟಗಳಾಗುತ್ತವೆ. ಕಾಗದ ಪೋಲಾಗದು.

ಇಂಥ ಪುಸ್ತಕಗಳು ಸಿಗುವುದೆಲ್ಲಿ? 2004ರಲ್ಲಿ ಆರಂಭವಾದ ಪ್ರಥಮ್ ಬುಕ್ಸ್, 2015ರ ಸೆಪ್ಟೆಂಬರ್ 8ರ ಅಂತರರಾಷ್ಟ್ರೀಯ ಸಾಕ್ಷರತಾ ದಿನದಂದು ‘ಸ್ಟೋರಿವೀವರ್’ ತಾಣ ತೆರೆಯಿತು. ಅಲ್ಲಿ ಕನ್ನಡದ ಚಿತ್ರಕಥೆಗಳೂ ಉಚಿತ. ಓದಬಹುದು, ಇಳಿಸಿಕೊಳ್ಳಬಹುದು, ಮುದ್ರಿಸಿಕೊಳ್ಳಲೂಬಹುದು. ಒಳ್ಳೆಯ ಪುಸ್ತಕಕ್ಕಾಗಿ ನಿಡಸೋಸಿಯಂಥ ಹಳ್ಳಿಯಿಂದ ಬೆಳಗಾವಿಗೆ ಬಸ್ ಹಿಡಿಯಲೇಬೇಕೆಂದಿಲ್ಲ.

ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳು. ನಿಮ್ಮೂರ ಕೇಂದ್ರಕ್ಕೆ ಮಗುವನ್ನು ಕರೆದೊಯ್ಯಿರಿ, ಚಿತ್ರಪುಸ್ತಕ ಕೇಳಿ. ಇಲ್ಲವಾದರೆ ತರಿಸಲು ಒತ್ತಾಯಿಸಿ.