ತಿರುಗುವ ದೀಪದ ಸಪ್ಪಳ

ಗುಡ್ಡಗಳ ನಡುವೆ ಕುಳಿತ ಸುರಪುರದ ಏರು ರಸ್ತೆಯಲ್ಲಿ ಸಂಜೆ ಹೊತ್ತು ಗೂಟದ ಕಾರು ಬಂತೆಂದರೆ ಮೊದಲು ದೀಪ ಕಾಣುತ್ತಿತ್ತು, ಕಾರು ಆಮೇಲೆ. ಕೆಂಪು ಬೆಳಕು ಗೋಡೆಯಿಂದ ಗೋಡೆಗೆ ಸರಿಯುತ್ತ ಸಾಗುತ್ತಿತ್ತು. ಕಾರು ನಿಂತು, ಎಂಜಿನ್ ಬಂದ್ ಆದ ಮೇಲೂ ಹತ್ತಿರ ಹೋದವರಿಗೆ ಒಂದು ಸಣ್ಣ ಗರಗರ ಕೇಳಿಸುತ್ತಿತ್ತು. ಅದು ದೀಪದ್ದೇ. ಬೆಳಕು ಮಿನುಗುತ್ತಿರಲಿಲ್ಲ, ಒಳಗೆ ಕನ್ನಡಿ ತಿರುಗುತ್ತಿತ್ತು.

ಅಂಥ ದೀಪಗಳು ಈಗ ರಸ್ತೆಯಲ್ಲಿ ಅಪರೂಪ. 2013ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೆಂಪು ದೀಪವನ್ನು ಉನ್ನತ ಸಾಂವಿಧಾನಿಕ ಹುದ್ದೆಗಳಿಗಷ್ಟೇ ಸೀಮಿತಗೊಳಿಸಿತು. 2017ರ ಮೇ 1ರಿಂದ ಅದೂ ಹೋಯಿತು. ಗಣ್ಯರ ಕಾರುಗಳ ನೆತ್ತಿಯಿಂದ ಗೂಟ ಇಳಿಯಿತು. ಆಂಬುಲೆನ್ಸ್, ಅಗ್ನಿಶಾಮಕ ವಾಹನಗಳಿಗೆ ದೀಪ ಉಳಿದರೂ ಎಲ್‌ಇಡಿ ಪಟ್ಟಿ ಬಂದು ಮೋಟಾರು, ಗೇರ್ ಎರಡನ್ನೂ ಅನಗತ್ಯ ಮಾಡಿತು. ಬಿಚ್ಚಿದ ಹಳೆಯ ದೀಪಗಳು ಗ್ಯಾರೇಜಿನ ಮೂಲೆ ಸೇರಿದವು, ಗುಜರಿಗೆ ಹೋದವು. ಅಲ್ಲಿಂದ ಅವನ್ನು ಎತ್ತಿ ತಂದು ಮತ್ತೆ ತಿರುಗಿಸುವ ಕೆಲಸಕ್ಕೆ ದೊಡ್ಡ ಕಾರ್ಖಾನೆ ಬೇಕಿಲ್ಲ. ನಮ್ಮ ತಾಲ್ಲೂಕು ಊರುಗಳಲ್ಲಿ ಟ್ರ್ಯಾಕ್ಟರ್ ಡೈನಮೋ, ಸ್ಟಾರ್ಟರ್, ವೈಪರ್ ಮೋಟಾರು ಬಿಚ್ಚಿ ಜೋಡಿಸುವ ಆಟೋ ಎಲೆಕ್ಟ್ರಿಷಿಯನ್‌ಗಳ ಕೈಗೆ ಇದು ಹೊಸದಲ್ಲ. ಬೇಕಾದದ್ದು ತಾಳ್ಮೆ ಮತ್ತು ಒಳ್ಳೆಯ ಕಿವಿ.

ಒಳಗಿರುವುದು ಸರಳ. ನಡುವೆ ಅಲುಗಾಡದೆ ನಿಂತ ಬಲ್ಬು, ಸಾಮಾನ್ಯವಾಗಿ 12 ವೋಲ್ಟಿನ 55 ವ್ಯಾಟ್ ಹ್ಯಾಲೊಜನ್. ಅದನ್ನು ಸುತ್ತುವ ಬಾಗಿದ ಕನ್ನಡಿ. ಪಕ್ಕದಲ್ಲಿ ಹೆಬ್ಬೆರಳಿಗಿಂತ ಸ್ವಲ್ಪ ದಪ್ಪನೆಯ ಮೋಟಾರು, ಅದರ ತುದಿಯಲ್ಲಿ ಸ್ಕ್ರೂನಂತೆ ಸುರುಳಿ ಕೊರೆದ ವರ್ಮ್, ಅದಕ್ಕೆ ಕಚ್ಚಿಕೊಂಡ ಪ್ಲಾಸ್ಟಿಕ್ ಚಕ್ರ. ವರ್ಮ್ ಒಂದು ಸುತ್ತು ಹಾಕಿದರೆ ಚಕ್ರ ಒಂದೇ ಹಲ್ಲು ಮುಂದೆ ಹೋಗುತ್ತದೆ. ಮೋಟಾರು ನಿಮಿಷಕ್ಕೆ 3000 ಸುತ್ತು ತಿರುಗಿ, ಚಕ್ರಕ್ಕೆ 20 ಹಲ್ಲುಗಳಿದ್ದರೆ ಕನ್ನಡಿ 150 ಸುತ್ತು ತಿರುಗುತ್ತದೆ. ನೋಡುವವರ ಕಣ್ಣಿಗೆ ನಿಮಿಷಕ್ಕೆ 150 ಮಿಂಚು. ಎಲ್ಲ ದೀಪಗಳೂ ಹೀಗಿರಲಿಲ್ಲ. 1948ರಲ್ಲಿ ಅಮೆರಿಕದ ಫೆಡರಲ್ ಕಂಪನಿ ತಂದ ಬೀಕನ್ ರೇ ದೀಪದಲ್ಲಿ ಬಲ್ಬುಗಳೇ ಸುತ್ತುತ್ತಿದ್ದವು. ಸುತ್ತುವ ಬಲ್ಬಿಗೆ ಕರೆಂಟು ಮುಟ್ಟಿಸಲು ಕಾರ್ಬನ್ ಬ್ರಷ್ ಬೇಕಾಗುತ್ತಿತ್ತು. ಅಲ್ಲಿ ಸಪ್ಪಳಕ್ಕೆ ಇನ್ನೊಂದು ದಾರಿ.

ಸಪ್ಪಳವನ್ನು ಹಗುರವಾಗಿ ನೋಡಬಾರದು. ಗೇರ್ ಕಚ್ಚಿ ನಿಂತರೆ ಬಲ್ಬು ಉರಿಯುತ್ತಲೇ ಇರುತ್ತದೆ, ಆದರೆ ಬೆಳಕು ಒಂದೇ ದಿಕ್ಕಿಗೆ. ಪಕ್ಕದ ರಸ್ತೆಯಿಂದ ನುಗ್ಗುವ ಲಾರಿಗೆ ಅದು ಕಾಣುವುದೇ ಇಲ್ಲ. 2019ರ ಆಗಸ್ಟ್‌ನಲ್ಲಿ ಕೃಷ್ಣೆ ಉಕ್ಕಿದಾಗ, ನಮ್ಮಿಂದ ಹೊಳೆಯಾಚೆ, ದೇವದುರ್ಗ ತಾಲ್ಲೂಕಿನ ಹಿರೇರಾಯನಕುಂಪಿಯಲ್ಲಿ ನೀರು ತುಂಬಿದ ಸೇತುವೆ ಮೇಲೆ 12 ವರ್ಷದ ಹುಡುಗನೊಬ್ಬ ಮುಂದೆ ಓಡಿ ಆಂಬುಲೆನ್ಸ್‌ಗೆ ದಾರಿ ತೋರಿಸಿದ. ಆತನಿಗೆ ಶೌರ್ಯ ಪ್ರಶಸ್ತಿಯೂ ಬಂತು. ಅಂಥ ದಾರಿಗಳಲ್ಲಿ ಓಡಾಡುವ ಗಾಡಿಯ ನೆತ್ತಿಯ ದೀಪ ತಿರುಗಲೇಬೇಕು. ಗರಗರ ಜೋರಾದ ಗೇರು ಇಂದಲ್ಲ ನಾಳೆ ನಿಲ್ಲಬಹುದಾದ ಗೇರು.

ನಮ್ಮ ಸೀಮೆಯಲ್ಲಿ ಇದಕ್ಕೆ ಶತ್ರು ಎರಡು, ಬಿಸಿಲು ಮತ್ತು ಧೂಳು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲಿಗೆ ಕಾರಿನ ತಗಡು ಕಾಯುತ್ತದೆ, ಗುಮ್ಮಟದೊಳಗೆ ಹ್ಯಾಲೊಜನ್ ಕಾಯುತ್ತದೆ. ನಡುವೆ ಸಿಕ್ಕ ಗ್ರೀಸ್ ಒಣಗಿ ಮೇಣದಂತಾಗುತ್ತದೆ. ತಳದ ರಬ್ಬರು ಸೀಳಿದ್ದರೆ ಹೊಲದ ಕರಿಮಣ್ಣಿನ ಧೂಳು ಒಳಹೊಕ್ಕು ಅದೇ ಗ್ರೀಸಿಗೆ ಬೆರೆಯುತ್ತದೆ. ಆಮೇಲೆ ಅದು ಜಾರಿಸುವುದಿಲ್ಲ, ಹಲ್ಲು ಉಜ್ಜುತ್ತದೆ.

“ಲೈಟ್ ಸಪ್ಪಳ ಮಾಡ್ಲಕತ್ತದ್ರಿ” ಎಂದು ದೀಪ ತಂದರೆ ಅವಸರದವರು ಮಾಡುವ ಮೊದಲ ಕೆಲಸ ಗ್ರೀಸ್ ಮೆತ್ತುವುದು. ನನ್ನ ಮಟ್ಟಿಗೆ ಅದು ಕೊನೆಯ ಕೆಲಸ. ಮೊದಲು ದೀಪವನ್ನು ಮೇಲ್ಛಾವಣಿಯಿಂದ ಇಳಿಸಿ ಕೈಯಲ್ಲಿ ಹಿಡಿದು ಓಡಿಸಬೇಕು. ಸದ್ದು ಅರ್ಧ ಇಳಿದರೆ ತಪ್ಪು ಗೇರಿನದಲ್ಲ, ಗಡುಸಾದ ರಬ್ಬರಿನದು. ಸಣ್ಣ ಕಂಪನವನ್ನು ತಗಡು ದೊಡ್ಡದು ಮಾಡುತ್ತಿತ್ತು. ಇಳಿಯದಿದ್ದರೆ ಮೋಟಾರನ್ನು ಚಕ್ರದಿಂದ ಬಿಡಿಸಿ, ಫ್ಯೂಸ್ ಹಾಕಿದ ವೈರಿನಲ್ಲಿ ಅದೊಂದನ್ನೇ ಓಡಿಸಿ ಕೇಳಬೇಕು. ಕೀಚಲು ದನಿ ಬಂದರೆ ಬುಷ್ ಒಣಗಿದೆ. ಹೊಲಿಗೆ ಯಂತ್ರದ ಎಣ್ಣೆ ಒಂದೇ ಹನಿ ಸಾಕು, ಎರಡನೆಯ ಹನಿ ಮೋಟಾರಿನ ಕಾರ್ಬನ್ ಬ್ರಷ್‌ಗೆ ಹರಿದು ಬೇರೆ ರೋಗ ತರುತ್ತದೆ. ಮೋಟಾರು ಸುಮ್ಮನಿದ್ದು, ಜೋಡಿಸಿದಾಗ ಕನ್ನಡಿಯ ಒಂದು ಸುತ್ತಿಗೆ ಒಮ್ಮೆ ಟಕ್ ಎಂದರೆ ಚಕ್ರದ ಒಂದು ಹಲ್ಲು ಮುರಿದಿದೆ. ಎಣಿಸಲಾಗದಷ್ಟು ಬೇಗ ಬರುವ ಗುರ್ರ್ ಆದರೆ ವರ್ಮ್ ಸವೆದಿದೆ, ಇಲ್ಲವೇ ಅದರ ದಂಡ ಬಾಗಿದೆ. ಶುರುವಾದಾಗ ಮಾತ್ರ ಒಮ್ಮೆ ಬಡಿದು ಸುಮ್ಮನಾದರೆ ದಂಡ ಹಿಂದೆಮುಂದೆ ಸರಿಯುತ್ತಿದೆ. ತೆಳು ವಾಷರ್ ಒಂದು ಸೇರಿಸಿದರೆ ಮುಗಿಯಿತು.

ಹಲ್ಲು ಮುರಿಯುವುದು ಹೆಚ್ಚಾಗಿ ಓಡಿ ಅಲ್ಲ, ಒರೆಸಿ. ವರ್ಮ್ ಚಕ್ರವನ್ನು ತಿರುಗಿಸಬಲ್ಲದು, ಚಕ್ರ ವರ್ಮನ್ನು ತಿರುಗಿಸಲಾರದು. ಕನ್ನಡಿ ಒರೆಸುವಾಗ ಬೆರಳಿನಿಂದ ಬಲವಾಗಿ ತಿರುವಿದರೆ ಪ್ಲಾಸ್ಟಿಕ್ ಹಲ್ಲೇ ಸೋಲುತ್ತದೆ. ಈ ಒಂದು ಮಾತು ಡ್ರೈವರ್‌ಗಳಿಗೆ ತಿಳಿದಿದ್ದರೆ ಎಷ್ಟೋ ದೀಪಗಳು ಗುಜರಿ ಕಾಣುತ್ತಿರಲಿಲ್ಲ.

ಹಳೆಯ ಗ್ರೀಸನ್ನು ಮರದ ಕಡ್ಡಿಯಿಂದ ಕೆರೆದು, ಲೋಹದ ಭಾಗವನ್ನು ಚಿಮಣಿ ಎಣ್ಣೆಯಲ್ಲಿ ತೊಳೆಯಬಹುದು. ಬಣ್ಣದ ಗುಮ್ಮಟಕ್ಕೆ ಮಾತ್ರ ಪೆಟ್ರೋಲ್, ಥಿನ್ನರ್ ಮುಟ್ಟಿಸಲೇಬಾರದು. ಕೂದಲೆಳೆಯಂಥ ಬಿರುಕು ಬಿಡುತ್ತದೆ. ಅದಕ್ಕೆ ಸೋಪು ನೀರೇ ಮದ್ದು. ಟ್ರ್ಯಾಕ್ಟರ್ ಬೇರಿಂಗಿನ ಗಟ್ಟಿ ಗ್ರೀಸೂ ಇಲ್ಲಿ ಸಲ್ಲದು, ಪುಟ್ಟ ಮೋಟಾರು ಅದನ್ನು ತಳ್ಳುತ್ತ ಬಿಸಿಯಾಗುತ್ತದೆ. ಪ್ಲಾಸ್ಟಿಕ್‌ಗೆ ಒಗ್ಗುವ ಸಿಲಿಕೋನ್ ಗ್ರೀಸ್ ತೊಗರಿಕಾಳಿನಷ್ಟು ಸಾಕು.

ಜೋಡಿಸುವಾಗಿನ ಕಾಗದದ ಉಪಾಯ ನನಗೆ ಬಹಳ ಇಷ್ಟ. ವರ್ಮ್ ಮತ್ತು ಚಕ್ರದ ನಡುವೆ ತೆಳು ಕಾಗದದ ಚೂರು ಇಟ್ಟು ಎರಡನ್ನೂ ಒತ್ತಿ, ಸ್ಕ್ರೂ ಬಿಗಿದು, ಕಾಗದ ಎಳೆದು ತೆಗೆಯುತ್ತಾರೆ. ಕಾಗದ ಬಿಟ್ಟ ಜಾಗವೇ ಹಲ್ಲುಗಳಿಗೆ ಉಸಿರಾಡುವ ಜಾಗ. ತೀರಾ ಬಿಗಿಯಾದರೆ ಕೂಗುತ್ತದೆ, ಸಡಿಲವಾದರೆ ಬಡಿಯುತ್ತದೆ.

ಹಲ್ಲು ಹೋದ ಚಕ್ರಕ್ಕೆ ಬದಲಿ ಹುಡುಕುವುದೇ ನಿಜವಾದ ಕಷ್ಟ. ಲೇತ್ ಇರುವಲ್ಲಿ ಕಡೆದ ನೈಲಾನ್ ಬಿಲ್ಲೆಗೆ ಹಲ್ಲು ಕೊಯ್ಯಿಸಬಹುದು. ಹಾಳಾದ ಪ್ರಿಂಟರ್, ಟೇಪ್ ರೆಕಾರ್ಡರ್‌ಗಳಲ್ಲಿ ಅಳತೆ ಹೊಂದುವುದು ಸಿಕ್ಕರೆ ಅದೃಷ್ಟ. ಈಚೆಗೆ 3ಡಿ ಪ್ರಿಂಟರ್‌ನಲ್ಲಿ ಚಕ್ರ ತೆಗೆಸುವವರಿದ್ದಾರೆ. ಅವರಿಗೊಂದು ಎಚ್ಚರಿಕೆ: ಅಗ್ಗದ ಪಿಎಲ್‌ಎ ಸುಮಾರು 60 ಡಿಗ್ರಿಗೇ ಮೆತ್ತಗಾಗುತ್ತದೆ, ಈ ದೀಪದ ಹೊಟ್ಟೆಯಲ್ಲಿ ಅದು ಬಾಳುವುದಿಲ್ಲ. ನೈಲಾನ್‌ನಲ್ಲೇ ತೆಗೆಸಿ.

ದುರಸ್ತಿಯಾದ ಕೆಂಪು ದೀಪವನ್ನು ಕಾರಿನ ಮೇಲೆ ಕೂರಿಸಿ ರಸ್ತೆಗೆ ಇಳಿಯುವುದು ಕಾನೂನುಬಾಹಿರ. ಅದರ ಜಾಗ ಸಂಗ್ರಹಕಾರರ ಕಪಾಟು, ಇಲ್ಲವೇ ಶಾಲೆಯ ವಿಜ್ಞಾನ ಕೊಠಡಿ. ವರ್ಮ್ ಗೇರ್ ವೇಗವನ್ನು ಹೇಗೆ ಇಳಿಸುತ್ತದೆ ಎಂದು ತೋರಿಸಲು ಇದಕ್ಕಿಂತ ಒಳ್ಳೆಯ ಯಂತ್ರ ಸಿಕ್ಕುವುದು ಕಷ್ಟ. ಗುಜರಿಯಲ್ಲಿ ಗುಮ್ಮಟ ಒಡೆದ ದೀಪ ಕಂಡರೂ ಬಿಡಬೇಡಿ. ಒಳಗಿನ ಚಕ್ರದ ಹಲ್ಲು ನೆಟ್ಟಗಿದ್ದರೆ ಅದೇ ಇನ್ನೊಂದು ದೀಪದ ಬಿಡಿಭಾಗ.